ಎಂಜಿನ್ ತಲೆಯ ಮೇಲೆ ಆಯಿಲ್ ಸೋರಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಸುತ್ತ ಓಡಾಡುವ ಹಳೆಯ ಕಾರುಗಳ ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಕಾಣುವುದು ಇದು: ಎಂಜಿನ್ ಮೇಲೆ ಆಯಿಲ್ ಜಿನುಗಿದೆ, ಅದಕ್ಕೆ ಹೊಲದ ದಾರಿಯ ಧೂಳು, ಮೆಕ್ಕೆಜೋಳದ ಹೊಟ್ಟು ಮೆತ್ತಿಕೊಂಡಿದೆ, ಉಗುರಿನಲ್ಲಿ ಕೆರೆದರೆ ಮುದ್ದೆಯಾಗಿ ಬರುತ್ತದೆ. ‘ಟ್ಯಾಪೆಟ್ ಕವರ್ ಪ್ಯಾಕಿಂಗ್ ಹೋಗಿದೆ, ಹೊಸದು ಹಾಕಿದರೆ ಆಯ್ತು’ ಎನ್ನುವ ಮಾತೂ ಅಷ್ಟೇ ಸಾಮಾನ್ಯ. ಟ್ಯಾಪೆಟ್ ಕವರ್ ಎಂದರೆ ಹೆಡ್ಡನ್ನು, ಅಂದರೆ ಎಂಜಿನ್‌ನ ಮೇಲ್ಭಾಗವನ್ನು, ಮುಚ್ಚುವ ಕವಚ; ಪ್ಯಾಕಿಂಗ್ ಎಂದರೆ ಅದರ ಅಂಚಿನಲ್ಲಿ ಆಯಿಲ್ ತಡೆಯುವ ರಬ್ಬರ್ ಪಟ್ಟಿ. ಬಹಳ ಸಲ ಆ ಮಾತು ನಿಜವೇ. ಆದರೆ ಸೋರುವ ಜಾಗ ಹುಡುಕದೆ, ಅದು ಯಾಕೆ ಸೋರಿತು ಎಂದು ನೋಡದೆ ಪ್ಯಾಕಿಂಗ್ ಬದಲಿಸಿದ ಕಾರುಗಳು ಕೆಲವೇ ತಿಂಗಳಲ್ಲಿ ಅದೇ ದೂರು ಹೊತ್ತು ವಾಪಸ್ ಬರುತ್ತವೆ. ಕೆಳಗಿನ ಉತ್ತರಗಳು ಅದನ್ನು ತಪ್ಪಿಸಲಿಕ್ಕೆ.

ನೋಡಿದ ಕೂಡಲೇ ಎಲ್ಲಿಂದ ಸೋರುತ್ತಿದೆ ಎಂದು ಹೇಳಲು ಆಗುವುದಿಲ್ಲವೇ?

ಆಗುವುದಿಲ್ಲ. ಆಯಿಲ್ ಹುಟ್ಟಿದ ಜಾಗ ಒಂದು, ಕಾಣುವ ಜಾಗ ಇನ್ನೊಂದು. ಮೇಲಿಂದ ಇಳಿಯುವ ಆಯಿಲ್ ಪ್ರತಿ ಅಂಚಿನಲ್ಲೂ ನಿಂತು, ಪಕ್ಕಕ್ಕೆ ಹರಿದು ಕೆಳಗಿಳಿಯುತ್ತದೆ. ಹೆದ್ದಾರಿಯಲ್ಲಿ ಓಡಿಸುವಾಗ ಮುಂದಿನಿಂದ ಬೀಸುವ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಕವರಿನ ಮೂಲೆಯಿಂದ ಹೊರಟ ಆಯಿಲ್ ಗೇರ್‌ಬಾಕ್ಸ್ ಕೂಡುವ ಜಾಗದಲ್ಲಿ ತೊಟ್ಟಿಕ್ಕಬಹುದು. ಅಲ್ಲಿ ಹನಿ ಕಂಡವರು ಗೇರ್‌ಬಾಕ್ಸ್ ಇಳಿಸಿ ಕ್ರ್ಯಾಂಕ್ ಆಯಿಲ್ ಸೀಲ್ ಹಾಕಿಸಿದರೆ ಎರಡು ದಿನದ ಕೂಲಿ ವ್ಯರ್ಥ. ಒದ್ದೆ ಇರುವ ಜಾಗಗಳಲ್ಲಿ ಅತಿ ಎತ್ತರದ್ದು ಯಾವುದು, ಅದರಲ್ಲೂ ಗಾಳಿ ಬರುವ ಕಡೆಗಿರುವುದು ಯಾವುದು ಎಂದು ನೋಡಿ. ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಅದು ಎಂಜಿನ್ ಆಯಿಲೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಬಿಳಿ ಕಾಗದಕ್ಕೆ ಒರೆಸಿ ನೋಡಿ. ಕಂದು ಅಥವಾ ಕಪ್ಪು ಬಣ್ಣ, ಬೆರಳ ನಡುವೆ ಜಾರಿಕೆ ಇದ್ದರೆ ಎಂಜಿನ್ ಆಯಿಲ್. ಕೆಂಪಗಿದ್ದರೆ ಪವರ್ ಸ್ಟೀರಿಂಗ್ ಆಯಿಲ್ ಇರಬಹುದು, ಅದರ ಪೈಪು ನೋಡಿ. ಹಸಿರು, ನೀಲಿ ಅಥವಾ ಗುಲಾಬಿ ಬಣ್ಣವಿದ್ದು ಒಣಗಿದ ಮೇಲೆ ಪುಡಿಪುಡಿ ಕಲೆ ಉಳಿದರೆ ಕೂಲೆಂಟ್. ಇತ್ತೀಚೆಗೆ ಆಯಿಲ್ ಬದಲಿಸಿದ್ದರೆ ಇನ್ನೊಂದು ವಿಷಯ ನೆನಪಿಡಿ: ಫನೆಲ್ ಇಲ್ಲದೆ ಸುರಿದಾಗ ಚೆಲ್ಲಿದ ಆಯಿಲ್ ವಾರಗಟ್ಟಲೆ ಸೋರಿಕೆಯಂತೆಯೇ ಕಾಣುತ್ತದೆ.

ಮೇಲ್ಭಾಗದಲ್ಲಿ ಯಾವ ಯಾವ ಜಾಗ ನೋಡಬೇಕು?

ಸುಲಭದ್ದರಿಂದ ಶುರುಮಾಡಿ. ಮೊದಲು ಆಯಿಲ್ ಸುರಿಯುವ ಮುಚ್ಚಳ. ಅದರ ಒಳಗಿನ ರಬ್ಬರ್ ವಾಷರ್ ಬಿಸಿಗೆ ಗಟ್ಟಿಯಾಗಿ, ಚಪ್ಪಟೆಯಾಗಿ, ಬಗ್ಗಿಸಿದರೆ ಮುರಿಯುವಂತಾಗಿದ್ದರೆ ಮುಚ್ಚಳದ ಸುತ್ತಲೇ ಒದ್ದೆಯಾಗುತ್ತದೆ. ಅಲ್ಲಿಂದ ಹೊರಟ ಆಯಿಲ್ ಕವರಿನ ಮೇಲೆಲ್ಲ ಹರಡಿ ಪ್ಯಾಕಿಂಗ್ ಮೇಲೆ ಅಪವಾದ ತರುತ್ತದೆ. ನಂತರ ಡಿಪ್‌ಸ್ಟಿಕ್‌ನ (ಆಯಿಲ್ ಮಟ್ಟ ನೋಡುವ ಕಡ್ಡಿ) ಹಿಡಿಯಲ್ಲಿರುವ ಓ-ರಿಂಗ್, ಅಂದರೆ ರಬ್ಬರ್ ಬಳೆ, ಮತ್ತು ಎಂಜಿನ್ ಒಳಗಿನ ಗ್ಯಾಸು ಹೊರಹೋಗುವ ಬ್ರೀದರ್ ಪೈಪಿನ ಎರಡೂ ತುದಿ.

ಆಮೇಲೆ ಟ್ಯಾಪೆಟ್ ಕವರಿನ ಸುತ್ತಳತೆ. ಇದರಲ್ಲಿ ಮೂಲೆಗಳೇ ಮುಖ್ಯ, ಅದರಲ್ಲೂ ಟೈಮಿಂಗ್ ಚೈನ್ ಕವರ್ ಮತ್ತು ಹೆಡ್ ಕೂಡುವ ಎರಡು ಬಿಂದುಗಳು. ಹೆಡ್ಡಿನ ತುದಿಯಲ್ಲಿ ಅರ್ಧಚಂದ್ರಾಕಾರದ ರಬ್ಬರ್ ಪ್ಲಗ್ ಇರುವ ಎಂಜಿನ್‌ಗಳಲ್ಲಿ ಆ ಪ್ಲಗ್ಗಿನ ಎರಡು ಮೂಲೆಗಳನ್ನೂ ನೋಡಿ. ಕವರ್ ಬೋಲ್ಟ್‌ಗಳ ಕೆಳಗಿನ ರಬ್ಬರ್ ವಾಷರ್‌ಗಳನ್ನು ಬಹುಮಂದಿ ಮರೆಯುತ್ತಾರೆ.

ಇವಿಷ್ಟೂ ಒಣಗಿದ್ದರೆ ಕ್ಯಾಮ್‌ಶಾಫ್ಟ್ ಆಯಿಲ್ ಸೀಲ್, ಕ್ಯಾಮ್ ಸೆನ್ಸರ್ ಓ-ರಿಂಗ್, ವಾಲ್ವ್ ಟೈಮಿಂಗ್ ಬದಲಿಸುವ ಸೊಲೆನಾಯ್ಡ್‌ನ ಓ-ರಿಂಗ್ ನೋಡಬೇಕು. ಈ ಸೊಲೆನಾಯ್ಡ್‌ಗೆ ಒತ್ತಡದ ಆಯಿಲ್ ಬರುವುದರಿಂದ ಸಣ್ಣ ಬಿರುಕಿನಿಂದಲೂ ಬೇಗ ಬಹಳ ಆಯಿಲ್ ಹೊರಬರುತ್ತದೆ. ಹಳೆಯ ಕಾರ್ಬೊರೇಟರ್ ಮಾರುತಿ 800, ಓಮ್ನಿಗಳಲ್ಲಿ ಡಿಸ್ಟ್ರಿಬ್ಯೂಟರ್ ಕೂರುವ ಜಾಗದ ಓ-ರಿಂಗ್ ಸೋರುವುದು ಎಷ್ಟು ಮಾಮೂಲು ಎಂದರೆ, ಆ ಗಾಡಿಗಳಲ್ಲಿ ಕವರಿಗಿಂತ ಮೊದಲು ಅಲ್ಲೇ ಕೈಯಾಡಿಸುವುದು ಒಳ್ಳೆಯದು.

ಮೊದಲು ಎಂಜಿನ್ ತೊಳೆಯಲೇಬೇಕೇ? ವಾಟರ್ ಸರ್ವಿಸ್‌ಗೆ ಬಿಟ್ಟರೆ ಆಗದೇ?

ತೊಳೆಯಲೇಬೇಕು. ಜಿಡ್ಡು ಮೆತ್ತಿದ ಎಂಜಿನ್‌ನಲ್ಲಿ ಹಳೆಯ ಸೋರಿಕೆ, ಹೊಸ ಸೋರಿಕೆ ಬೇರ್ಪಡಿಸಲು ಯಾರಿಂದಲೂ ಆಗದು. ಆದರೆ ಪ್ರೆಷರ್ ಗನ್ ಹಿಡಿದು ಎಂಜಿನ್ ಮೇಲೆ ನೀರು ಹಾಯಿಸುವುದು ಬೇಡ. ಇಗ್ನಿಶನ್ ಕಾಯಿಲ್, ಸೆನ್ಸರ್ ಕನೆಕ್ಟರ್, ಆಲ್ಟರ್ನೇಟರ್ ಒಳಗೆ ನೀರು ಹೊಕ್ಕರೆ ಆಯಿಲ್ ಸೋರಿಕೆಯ ಜೊತೆ ಮಿಸ್ಸಿಂಗ್ ಸಮಸ್ಯೆಯೂ ಸೇರಿಕೊಳ್ಳುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಆಲ್ಟರ್ನೇಟರ್ ಮತ್ತು ಕನೆಕ್ಟರ್‌ಗಳಿಗೆ ಪ್ಲಾಸ್ಟಿಕ್ ಕವರ್ ಸುತ್ತಿ. ಅರ್ಧ ಲೀಟರ್ ಡೀಗ್ರೀಸರ್ ಅಥವಾ ಡೀಸೆಲ್, ಒಂದು ಇಂಚಿನ ಪೇಂಟ್ ಬ್ರಷ್, ಒಂದಷ್ಟು ಬನಿಯನ್ ವೇಸ್ಟ್ ಸಾಕು. ಮೇಲಿನಿಂದ ಕೆಳಕ್ಕೆ ಉಜ್ಜಿ, ಒರೆಸಿ. ಬೆಲ್ಟ್ ಮತ್ತು ರಬ್ಬರ್ ಪೈಪುಗಳಿಗೆ ಡೀಸೆಲ್ ತಾಗಿಸಬೇಡಿ. ಕೊನೆಗೆ ಕವರಿನ ಅಂಚಿಗೆ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದರೆ ಉಳಿದ ಪದರವೂ ಹೋಗಿ ಲೋಹ ಒಣಗುತ್ತದೆ. ಡೀಸೆಲ್ ಉಳಿದಿರುವಾಗ ಸ್ಟಾರ್ಟ್ ಮಾಡಬಾರದು. ಬಾನೆಟ್ ತೆರೆದಿಟ್ಟು ಎಲ್ಲ ಆರಲು ಬಿಡಿ.

ತೊಳೆದಾಯ್ತು. ಈಗ ಪತ್ತೆ ಹೇಗೆ?

ಮುಖಕ್ಕೆ ಹಚ್ಚುವ ಸಾದಾ ಟಾಲ್ಕಂ ಪೌಡರ್ ಸಾಕು. ಒಣಗಿದ ಕವರಿನ ಅಂಚು, ಮೂಲೆ, ಬೋಲ್ಟ್ ತಲೆಗಳ ಸುತ್ತ ತೆಳ್ಳಗೆ ಉದುರಿಸಿ. ಏರ್ ಫಿಲ್ಟರ್ ಬಾಯಿಯ ಹತ್ತಿರ ಮಾತ್ರ ಬೇಡ. ಸುತ್ತಿದ ಪ್ಲಾಸ್ಟಿಕ್ ತೆಗೆದು, ಬ್ಯಾಟರಿ ತಂತಿ ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ 15 ನಿಮಿಷ ಐಡಲ್‌ನಲ್ಲಿ ಬಿಟ್ಟು, ಟಾರ್ಚ್ ಹಿಡಿದು ನೋಡಿ. ಸೋರುವ ಜಾಗದಲ್ಲಿ ಬಿಳಿ ಪುಡಿಯ ನಡುವೆ ಮೊದಲು ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಪುಡಿ ಆಯಿಲ್ ಹೀರಿಕೊಂಡ ಹಾಗೆ ಗೆರೆ ಅಗಲವಾಗುತ್ತದೆ, ಕೊನೆಗೆ ಅದರ ಕೆಳತುದಿಯಲ್ಲಿ ಹನಿ ಕಟ್ಟುತ್ತದೆ. ಆ ಗೆರೆಯ ಮೇಲ್ತುದಿಯೇ ನಿಮಗೆ ಬೇಕಾದ ಜಾಗ. ಕೂಡಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಐಡಲ್‌ನಲ್ಲಿ ಏನೂ ಕಾಣದಿದ್ದರೆ ಗಾಡಿ ಓಡಿಸಲೇಬೇಕು. ದಾವಣಗೆರೆಯವರು ಹರಿಹರಕ್ಕೆ ಹೋಗಿ ಬಂದರೆ ಸಾಕು. ಚಿತ್ರದುರ್ಗದವರಿಗೆ ಹೆದ್ದಾರಿ 48ರಲ್ಲಿ ಭರಮಸಾಗರದವರೆಗಿನ ದಾರಿ ಸರಿಹೋಗುತ್ತದೆ. ಮೂರನೇ, ನಾಲ್ಕನೇ ಗೇರ್‌ನಲ್ಲಿ ಎಂಜಿನ್‌ಗೆ ಸ್ವಲ್ಪ ಭಾರ ಬೀಳುವಂತೆ ಓಡಿಸಿ, ಬಂದ ತಕ್ಷಣ ನೋಡಿ. ಬೆಳಗ್ಗೆವರೆಗೆ ಬಿಟ್ಟರೆ ಆಯಿಲ್ ಹರಡಿ ಗುರುತು ಕೆಡುತ್ತದೆ.

ಎಂಜಿನ್‌ನ ಹಿಂಬದಿ, ಡ್ರೈವರ್ ಮುಂದಿನ ಗೋಡೆಯ ಕಡೆ, ಕಣ್ಣಿಗೆ ಕಾಣುವುದಿಲ್ಲ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮೊಬೈಲ್ ಕ್ಯಾಮೆರಾವನ್ನು ಲೈಟ್ ಹಾಕಿ ಒಳಗಿಳಿಸಿ ವಿಡಿಯೊ ಮಾಡಿ. ಅದೂ ಸಾಲದಿದ್ದರೆ ಆಯಿಲ್‌ಗೆ ಬೆರೆಸುವ ಯುವಿ ಡೈ ಸಿಗುತ್ತದೆ. ಸ್ವಲ್ಪ ದೂರ ಓಡಿಸಿ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಸೋರಿದ ದಾರಿಯೆಲ್ಲ ಹೊಳೆಯುತ್ತದೆ.

ಹೊಸ ಪ್ಯಾಕಿಂಗ್ ಹಾಕಿಸಿ ಎರಡೇ ತಿಂಗಳಾಯ್ತು, ಮತ್ತೆ ಸೋರುತ್ತಿದೆ. ಪ್ಯಾಕಿಂಗ್ ಡೂಪ್ಲಿಕೇಟಾ?

ಇರಬಹುದು. ಆದರೆ ಅದಕ್ಕಿಂತ ಮೊದಲು ಬ್ರೀದರ್ ನೋಡಿ. ಈ ಪುಟದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಸಿಲಿಂಡರ್ ಒಳಗೆ ಇಂಧನ ಉರಿದಾಗ ಸ್ವಲ್ಪ ಗ್ಯಾಸು ಪಿಸ್ಟನ್ ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಹೊಸ ಎಂಜಿನ್‌ನಲ್ಲೂ ಇದು ತಪ್ಪಿದ್ದಲ್ಲ. ಆ ಗ್ಯಾಸನ್ನು ಹೊರಗೆಳೆದು ಮತ್ತೆ ಉರಿಯಲು ಕಳಿಸಲು ಪಿಸಿವಿ ವಾಲ್ವ್ ಮತ್ತು ಬ್ರೀದರ್ ಪೈಪ್ ಇರುತ್ತವೆ. ಆಯಿಲ್ ಬದಲಿಸಲು ತಡಮಾಡಿದರೆ, ಯಾವಾಗಲೂ ಊರೊಳಗೆ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸಿದರೆ ಅವುಗಳಲ್ಲಿ ಕಪ್ಪು ಗಸಿ ಕಟ್ಟುತ್ತದೆ. ಆಗ ಒಳಗಿನ ಒತ್ತಡಕ್ಕೆ ದಾರಿ ಇಲ್ಲದೆ ಅತಿ ದುರ್ಬಲ ಜಾಗ ಹುಡುಕಿ ಆಯಿಲನ್ನು ಹೊರತಳ್ಳುತ್ತದೆ. ಒಲೆಯ ಮೇಲಿನ ಕುಕ್ಕರ್‌ನ ವೆಯ್ಟ್ ಕಟ್ಟಿಕೊಂಡರೆ ಗ್ಯಾಸ್ಕೆಟ್ ಅಂಚಿನಿಂದ ಹಬೆ ನುಗ್ಗುವ ಹಾಗೆ. ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಈ ಒತ್ತಡದ ಮುಂದೆ ಬಾಳುವುದಿಲ್ಲ.

ಪರೀಕ್ಷೆ ಸುಲಭ. ಪೆಟ್ರೋಲ್ ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು, ಆ ಬಾಯಿಯ ಮೇಲೆ ನೋಟ್‌ಬುಕ್ ಹಾಳೆಯ ತುಂಡು ಇಡಿ. ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡು ಕೂತರೆ ಬ್ರೀದರ್ ಸರಿ ಇದೆ. ಹಾಳೆ ಎದ್ದು ಪಟಪಟ ಬಡಿದರೆ, ಹಾರಿಬಿದ್ದರೆ ಒಳಗೆ ಒತ್ತಡವಿದೆ. ಮುಚ್ಚಳ ತೆಗೆದಾಗ ಐಡಲ್ ಸ್ವಲ್ಪ ಏರಿಳಿದರೆ ಹೆದರಬೇಡಿ. ಹೆಗಲ ಟವೆಲ್, ಸಡಿಲ ತೋಳು, ಪಂಚೆಯ ಚುಂಗು ಬೆಲ್ಟಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಡೀಸೆಲ್ ಎಂಜಿನ್‌ನಲ್ಲಿ ಅಲ್ಪಸ್ವಲ್ಪ ಹೊಗೆ ಪುಕಪುಕ ಎನ್ನುವುದು ಸಹಜ, ಅಲ್ಲಿ ಈ ಹಾಳೆ ಪರೀಕ್ಷೆಯನ್ನೇ ನಂಬಿ ತೀರ್ಮಾನ ಮಾಡಬಾರದು.

ಬಿಡಿಯಾಗಿ ಸಿಗುವ ಪಿಸಿವಿ ವಾಲ್ವನ್ನು ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗಿನ ತುಂಡು ಟಕಟಕ ಎಂದರೆ ಆಡುತ್ತಿದೆ, ಸದ್ದೇ ಇಲ್ಲದಿದ್ದರೆ ಗಸಿಯಲ್ಲಿ ಸಿಕ್ಕಿಕೊಂಡಿದೆ. ತೊಳೆಯುವುದಕ್ಕಿಂತ ಹೊಸದು ಹಾಕುವುದೇ ಲೇಸು. ಕೆಲವು ಹೊಸ ಕಾರುಗಳಲ್ಲಿ ಈ ವ್ಯವಸ್ಥೆ ಟ್ಯಾಪೆಟ್ ಕವರಿನ ಒಳಗೇ ಡಯಾಫ್ರಮ್ ರೂಪದಲ್ಲಿ ಇರುತ್ತದೆ. ಅದು ಹರಿದರೆ ಸಿಳ್ಳೆಯಂಥ ಸದ್ದು ಬರಬಹುದು, ಆಗ ಕವರ್ ಸಮೇತ ಬದಲಿಸಬೇಕಾಗಬಹುದು. ಏರ್ ಫಿಲ್ಟರ್ ಡಬ್ಬಿಯಲ್ಲಿ ಆಯಿಲ್ ನಿಂತಿದ್ದರೆ ಅದೂ ಬ್ರೀದರ್ ಕಡೆಗೇ ಬೆರಳು ತೋರಿಸುತ್ತದೆ. ಆಯಿಲ್ ಅಳತೆ ಮೀರಿ ತುಂಬಿದ್ದರೂ ಹೀಗಾಗುತ್ತದೆ, ಡಿಪ್‌ಸ್ಟಿಕ್ ನೋಡಲು ಮರೆಯಬೇಡಿ.

‘ಬ್ಯಾಕ್ ಕಂಪ್ರೆಷನ್ ಇದೆ, ಬೋರ್ ಮಾಡಿಸಬೇಕು’ ಎನ್ನುತ್ತಾರೆ. ನಂಬಬಹುದೇ?

ಬ್ಯಾಕ್ ಕಂಪ್ರೆಷನ್ ಎಂದರೆ ಸವೆದ ರಿಂಗ್ ದಾಟಿ ಗ್ಯಾಸು ಕೆಳಗಿಳಿದು ಒಳಗೆ ಒತ್ತಡ ಕಟ್ಟುವುದು; ಬೋರ್ ಎಂದರೆ ಸವೆದ ಸಿಲಿಂಡರ್ ಕೊರೆಸುವ ಕೆಲಸ. ಬ್ರೀದರ್ ಶುದ್ಧ ಇದ್ದೂ ಒತ್ತಡ ಬರುತ್ತಿದ್ದರೆ ರಿಂಗ್ ಸವೆದಿರುವ ಸಾಧ್ಯತೆ ನಿಜವಾಗಿ ಇದೆ. ಆದರೆ ಬರೀ ಮುಚ್ಚಳ ತೆಗೆದು ಹೊಗೆ ತೋರಿಸಿ ಹೇಳಿದರೆ ಒಪ್ಪಬೇಡಿ. ಕಂಪ್ರೆಷನ್ ಗೇಜ್ ಹಾಕಿ ಎಲ್ಲ ಸಿಲಿಂಡರ್‌ಗಳ ಅಂಕಿ ಬರೆಸಿಕೊಳ್ಳಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಡೀಸೆಲ್‌ನಲ್ಲಿ ಹೀಗೆ ಆಯಿಲ್ ಹಾಕಿ ಅಳೆಯುವುದು ಬೇಡ.

ಬೋಲ್ಟ್ ಇನ್ನಷ್ಟು ಬಿಗಿ ಮಾಡಿದರೆ ಸಾಲದೇ?

ಸಾಲದು, ಕೆಡುತ್ತದೆ. ಕವರ್ ಬೋಲ್ಟ್‌ಗಳು 6 ಮಿಲಿಮೀಟರ್‌ನವು, ಕಚ್ಚುವುದು ಅಲ್ಯೂಮಿನಿಯಂ ಹೆಡ್ಡಿಗೆ. ಅತಿಯಾಗಿ ಬಿಗಿದರೆ ಚೂಡಿ (ತೂತಿನ ಥ್ರೆಡ್) ಹೋಗುತ್ತದೆ, ಇಲ್ಲವೇ ಕವರ್ ಬಾಗಿ ಎರಡು ಬೋಲ್ಟ್‌ಗಳ ನಡುವೆ ಎದ್ದು ಅಲ್ಲೇ ಸೋರುತ್ತದೆ. ಚೂಡಿ ಹೋಗಿದ್ದರೆ ಲೇಥ್ ಅಂಗಡಿಯಲ್ಲಿ ಹೆಲಿಕಾಯಿಲ್, ಅಂದರೆ ಹೊಸ ಚೂಡಿ ಕೊಡುವ ಸುರುಳಿ ತಂತಿ, ಹಾಕಿಸಬಹುದು.

ಟ್ಯಾಪೆಟ್ ಕವರ್ ಪ್ಯಾಕಿಂಗ್ ಸರಿಯಾಗಿ ಹಾಕುವ ಕ್ರಮ ಯಾವುದು?

ಎಂಜಿನ್ ತಣ್ಣಗಿರಬೇಕು. ಕಾಯಿಲ್, ಪೈಪು, ತಂತಿ ಬಿಚ್ಚುವ ಮೊದಲು ಒಂದು ಫೋಟೊ. ಕವರಿನ ಸುತ್ತಲಿನ ಧೂಳನ್ನು ಪೂರ್ತಿ ಒರೆಸಿ, ಇಲ್ಲದಿದ್ದರೆ ಕವರ್ ಎತ್ತುವಾಗ ಮಣ್ಣು ನೇರವಾಗಿ ಕ್ಯಾಮ್ ಮೇಲೆ ಬೀಳುತ್ತದೆ. ಬೋಲ್ಟ್‌ಗಳನ್ನು ಹೊರಗಿನಿಂದ ನಡುವಿಗೆ ಸ್ವಲ್ಪ ಸ್ವಲ್ಪ ಸಡಿಲಿಸಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಆ ಒಂದು ಗೀರು ಶಾಶ್ವತ ಸೋರಿಕೆ. ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ತಟ್ಟಿ ಬಿಡಿಸಿ.

ಹೆಡ್ಡಿನ ಅಂಚಿನಲ್ಲಿ ಉಳಿದ ಹಳೆ ರಬ್ಬರ್, ಅನಾಬಾಂಡ್ (ಸಂದು ಮುಚ್ಚುವ ಅಂಟು) ಕೆರೆಯಲು ಪ್ಲಾಸ್ಟಿಕ್ ಸ್ಕ್ರೇಪರ್ ಬಳಸಿ. ಎಮರಿ ಕಾಗದ ಉಜ್ಜುವ ಅಭ್ಯಾಸ ಬಿಡಬೇಕು. ಅದರ ಕಣ ಆಯಿಲ್ ಜೊತೆ ಬೇರಿಂಗ್‌ಗೆ ಹೋಗಿ ಸವೆಸುತ್ತದೆ. ಕೆರೆಯುವಾಗ ಆಯಿಲ್ ಇಳಿಯುವ ತೂತುಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಎಂದು ಎಣಿಸಿಟ್ಟು ಅಷ್ಟನ್ನೂ ತೆಗೆಯಿರಿ. ಕವರನ್ನು ತಿರುವಿಟ್ಟು ಸ್ಟೀಲ್ ಸ್ಕೇಲ್ ಅಡ್ಡವಿಟ್ಟು ನೋಡಿ. ಪ್ಲಾಸ್ಟಿಕ್ ಕವರ್ ಬಾಗಿದ್ದರೆ, ಬೋಲ್ಟ್ ತೂತಿನ ಹತ್ತಿರ ಬಿರುಕಿದ್ದರೆ ಹೊಸ ಪ್ಯಾಕಿಂಗ್ ಅದನ್ನು ಉಳಿಸುವುದಿಲ್ಲ.

ಹೊಸ ರಬ್ಬರ್ ಪ್ಯಾಕಿಂಗನ್ನು ಕವರಿನ ಅಂಚಿನ ತೋಡಿನಲ್ಲಿ ಒಣಗಿದ್ದಾಗಲೇ ಕೂರಿಸಬೇಕು. ಸುತ್ತಲೂ ಅನಾಬಾಂಡ್ ಬಳಿಯುವುದು ತಪ್ಪು. ಪ್ಯಾಕಿಂಗ್ ಜಾರಿ ಒಳಸೇರುತ್ತದೆ, ಒಳಗೆ ಉಕ್ಕಿದ ಅಂಟು ಕಿತ್ತು ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಚೈನ್ ಕವರ್ ಕೂಡುವ ಎರಡು ಬಿಂದು, ಅರ್ಧಚಂದ್ರದ ಮೂಲೆಗಳು, ಇಷ್ಟಕ್ಕೆ ಮಾತ್ರ ಸುಮಾರು 3 ಮಿಲಿಮೀಟರ್ ದಪ್ಪದ ಒಂದೊಂದು ಹನಿ. ಅದು ಮೇಲ್ಪದರ ಕಟ್ಟುವ ಮೊದಲೇ, ಅಂದರೆ ಐದು ನಿಮಿಷದೊಳಗೆ ಕವರ್ ಕೂರಿಸಿ. ನೇರವಾಗಿ ಇಳಿಸಿ, ಎಳೆದಾಡಬೇಡಿ.

ಬೋಲ್ಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಬಳಿಕ ನಡುವಿನಿಂದ ಹೊರಕ್ಕೆ ಎರಡು ಸುತ್ತಿನಲ್ಲಿ ಬಿಗಿ ಮಾಡಿ. ಬಹುತೇಕ ಕಾರುಗಳಿಗೆ ಇದು 8ರಿಂದ 10 ನ್ಯೂಟನ್ ಮೀಟರ್, ಅಂದರೆ ಹೆಚ್ಚೆಂದರೆ ಸುಮಾರು ಒಂದು ಕೆಜಿ-ಮೀಟರ್. ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ. ಅನಾಬಾಂಡ್ ಹಾಕಿದ ದಿನ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಸ್ಟಾರ್ಟ್ ಮಾಡುವುದು ಕ್ಷೇಮ. ‘ಅರ್ಧ ಗಂಟೆಯಲ್ಲಿ ತಗೊಂಡು ಹೋಗಿ’ ಎಂದಲ್ಲಿ ಈ ಹಂತವೇ ತಪ್ಪಿಹೋಗಿರುತ್ತದೆ.

ಸ್ಪಾರ್ಕ್ ಪ್ಲಗ್ ಇರುವ ಗುಂಡಿಯಲ್ಲಿ ಆಯಿಲ್ ನಿಂತಿದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ.

ಕವರಿನಡಿಯ ಪ್ಲಗ್ ಟ್ಯೂಬ್ ಸೀಲ್‌ಗಳು ಗಟ್ಟಿಯಾಗಿವೆ. ಹೊರಗೆ ಒಂದು ಹನಿಯೂ ಕಾಣದೆ ಒಳಗೇ ತುಂಬುವ ಸೋರಿಕೆ ಇದು. ಆಯಿಲ್ ಕಾಯಿಲ್‌ನ ರಬ್ಬರನ್ನು ಉಬ್ಬಿಸಿ ಕರೆಂಟ್ ಪಕ್ಕಕ್ಕೆ ಹಾರುವಂತೆ ಮಾಡುತ್ತದೆ. ಪ್ಲಗ್ ಬಿಚ್ಚುವ ಮುನ್ನ ಸಿರಿಂಜ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಆಯಿಲ್ ಹೀರಿ, ಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ. ಮೊದಲೇ ಬಿಚ್ಚಿದರೆ ಅಷ್ಟೂ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಕೆಲವು ಪ್ಯಾಕಿಂಗ್ ಸೆಟ್‌ಗಳಲ್ಲಿ ಈ ಸೀಲ್‌ಗಳು ಬರುವುದಿಲ್ಲ, ಅಂಗಡಿಯಲ್ಲೇ ಡಬ್ಬಿ ಬಿಚ್ಚಿ ಎಣಿಸಿಕೊಳ್ಳಿ.

ಹೆಡ್ ಪ್ಯಾಕಿಂಗ್ ಹೋಗಿದೆ ಎಂದು ಹೆದರಿಸುತ್ತಿದ್ದಾರೆ.

ಟ್ಯಾಪೆಟ್ ಕವರ್ ಮತ್ತು ಹೆಡ್ ನಡುವಿನ ಗೆರೆ ಮೇಲಿನದು, ಹೆಡ್ ಮತ್ತು ಬ್ಲಾಕ್ ನಡುವಿನ ಗೆರೆ ಕೆಳಗಿನದು. ಪೌಡರ್ ಪರೀಕ್ಷೆಯಲ್ಲಿ ಮೇಲಿನ ಗೆರೆ ಒಣಗಿದ್ದು ಕೆಳಗಿನದು ಮಾತ್ರ ಒದ್ದೆಯಾದರೆ ಆ ಮಾತಿಗೆ ಬೆಲೆ ಇದೆ. ಜೊತೆಗೆ ಕೂಲೆಂಟ್ ಕಡಿಮೆಯಾಗುವುದು, ಬಿಸಿ ಏರುವುದು, ಬಿಳಿ ಹೊಗೆ, ಡಿಪ್‌ಸ್ಟಿಕ್‌ನಲ್ಲಿ ಹಾಲು ಬೆರೆತ ಕಾಫಿಯಂಥ ಆಯಿಲ್ ಇದ್ದರೆ ಗಾಡಿ ಓಡಿಸಬೇಡಿ. ಮುಚ್ಚಳದ ಅಡಿಯಲ್ಲಿ ಮಾತ್ರ ತುಸು ಬಿಳಿ ನೊರೆ ಇದ್ದರೆ, ಚಳಿಗಾಲದಲ್ಲಿ ಸಣ್ಣ ದೂರ ಓಡಿಸಿದ ಗಾಡಿಗಳಲ್ಲಿ ತೇವದಿಂದ ಹಾಗಾಗುತ್ತದೆ.

ಡೀಸೆಲ್ ಕಾರಿಗೆ ಬೇರೆ ಏನಾದರೂ ನೋಡಬೇಕೇ?

ಕ್ಯಾಮ್‌ಶಾಫ್ಟ್ ತುದಿಯಲ್ಲಿ ಕೂರುವ ಬ್ರೇಕ್ ವ್ಯಾಕ್ಯೂಮ್ ಪಂಪ್ ನೋಡಿ. ಸ್ವಿಫ್ಟ್, ಡಿಸೈರ್‌ಗಳಲ್ಲಿದ್ದ 1.3 ಲೀಟರ್ ಡೀಸೆಲ್ ಎಂಜಿನ್‌ನಲ್ಲೂ ಅದು ಅಲ್ಲೇ ಇದೆ. ಅದರ ಸೀಲ್ ಸೋರಿದರೆ ಆಯಿಲ್ ಗೇರ್‌ಬಾಕ್ಸ್ ಮೇಲೆ ಬೀಳುತ್ತದೆ. ಟರ್ಬೋಗೆ ಆಯಿಲ್ ಒಯ್ಯುವ ಪೈಪಿನ ಬ್ಯಾಂಜೋ ಬೋಲ್ಟ್‌ನ (ಒಳಗೆ ಆಯಿಲ್ ಹರಿಯುವ ಟೊಳ್ಳು ಬೋಲ್ಟ್) ತಾಮ್ರದ ವಾಷರ್‌ಗಳನ್ನು ಬಿಚ್ಚಿದಾಗಲೆಲ್ಲ ಹೊಸದು ಹಾಕಬೇಕು. ಇಂಜೆಕ್ಟರ್ ಸುತ್ತ ಡಾಂಬರಿನಂತೆ ಗಟ್ಟಿ ಕಪ್ಪು ಕಟ್ಟಿದ್ದರೆ ಅದು ಆಯಿಲ್ ಸೋರಿಕೆಯಲ್ಲ. ಇಂಜೆಕ್ಟರ್ ಅಡಿಯ ವಾಷರ್ ಬಿಟ್ಟು ಉರಿದ ಗ್ಯಾಸು ಮೇಲೆ ಬರುತ್ತಿದೆ. ಬೇಗ ನೋಡಿಸದಿದ್ದರೆ ಇಂಜೆಕ್ಟರ್ ಕಿತ್ತು ಬರುವುದೇ ಕಷ್ಟ.

ಎಸಿ ಹಾಕಿದಾಗ ಸುಟ್ಟ ಆಯಿಲ್ ವಾಸನೆ ಬರುತ್ತದೆ. ಅಪಾಯವೇ?

ಹೌದು, ತಡಮಾಡಬೇಡಿ. ಆಯಿಲ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಡುವ ಬಿಸಿ ಪೈಪು) ಮೇಲೆ ಬಿದ್ದು ಉರಿಯುತ್ತಿದೆ, ಆ ಹೊಗೆ ಗಾಜಿನ ಬುಡದಿಂದ ಬ್ಲೋವರ್‌ಗೆ ಹೋಗುತ್ತಿದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಅಪಾಯ ಸೇರುತ್ತದೆ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಒಕ್ಕಣೆಗೆ ಹುರುಳಿ, ರಾಗಿ ಹರಡಿರುತ್ತಾರೆ. ಆ ಒಣ ಹುಲ್ಲು ಕಾರಿನಡಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳಬಲ್ಲದು. ಮೇಲಿಂದ ಆಯಿಲ್ ಇಳಿದು ಜಿಡ್ಡಾಗಿರುವ ಗಾಡಿಯಲ್ಲಿ ಆ ಬೆಂಕಿ ಎಂಜಿನ್‌ಗೆ ಏರಲು ಹೊತ್ತು ಬೇಕಿಲ್ಲ. ಸೋರಿಕೆ ಇರುವ ಕಾರನ್ನು ಒಕ್ಕಣೆಯ ಮೇಲೆ ಹತ್ತಿಸಬೇಡಿ. ದಾರಿಯೇ ಇಲ್ಲದಿದ್ದರೆ ದಾಟಿದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ಹುಲ್ಲು ಎಳೆದು ಹಾಕಿ.

ರಿಪೇರಿಗೆ ಸಮಯವಿಲ್ಲ. ಎಷ್ಟು ದಿನ ಓಡಿಸಬಹುದು?

ಮ್ಯಾನಿಫೋಲ್ಡ್ ಮೇಲೆ ಬೀಳುತ್ತಿಲ್ಲ, ಬರೀ ಜಿನುಗು ಎಂದಾದರೆ ಡಿಪ್‌ಸ್ಟಿಕ್ ಹೇಳಿದಷ್ಟು ದಿನ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ 10 ನಿಮಿಷ ಬಿಟ್ಟು ಪ್ರತಿ ಭಾನುವಾರ ನೋಡಿ, ಕಿಲೋಮೀಟರ್ ಸಮೇತ ಬರೆದಿಡಿ. ಸಾಮಾನ್ಯ ಸಣ್ಣ ಕಾರಿನಲ್ಲಿ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಸುಮಾರು ಒಂದು ಲೀಟರ್ ವ್ಯತ್ಯಾಸ. ಕೆಳಗಿನ ಗುರುತು ಮುಟ್ಟಲು ಬಿಡಬೇಡಿ. ಬೆಂಗಳೂರಿಗೆ ಹೊರಡುವ ಮುನ್ನ, ಅದೇ ಗ್ರೇಡಿನ ಒಂದು ಲೀಟರ್ ಡಿಕ್ಕಿಯಲ್ಲಿರಲಿ. ಕೆಂಪು ಆಯಿಲ್ ಲೈಟ್ ಹತ್ತಿದರೆ ಮುಂದಿನ ಊರು ತಲುಪಿ ನೋಡೋಣ ಎನ್ನದೆ ಅಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸಿ.

ದಪ್ಪ ಆಯಿಲ್ ಹಾಕಿದರೆ, ಅಥವಾ ಸೋರಿಕೆ ನಿಲ್ಲಿಸುವ ಬಾಟಲಿ ಸುರಿದರೆ?

ಬೇಡ. 0ಡಬ್ಲ್ಯು-20 ಅಥವಾ 5ಡಬ್ಲ್ಯು-30 ಬೇಕಾದ ಎಂಜಿನ್‌ಗೆ 20ಡಬ್ಲ್ಯು-50 ಹಾಕಿದರೆ ಬೆಳಗಿನ ಸ್ಟಾರ್ಟ್‌ನಲ್ಲಿ ಆಯಿಲ್ ಕ್ಯಾಮ್‌ವರೆಗೆ ಏರಲು ತಡವಾಗುತ್ತದೆ, ವಾಲ್ವ್ ಟೈಮಿಂಗ್ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಬಾಟಲಿಯ ದ್ರವ ರಬ್ಬರನ್ನು ಸ್ವಲ್ಪ ದಿನ ಉಬ್ಬಿಸಬಹುದು. ಹರಿದ ಪ್ಯಾಕಿಂಗ್, ಬಾಗಿದ ಕವರ್, ಕಟ್ಟಿದ ಬ್ರೀದರ್‌ಗೆ ಅದರಿಂದ ಏನೂ ಆಗದು.

ಮೆಕ್ಯಾನಿಕ್ ಹತ್ತಿರ ಹೋದಾಗ ಏನು ಹೇಳಬೇಕು?

ಫೋಟೊ ತೋರಿಸಿ, ‘ಅಣ್ಣಾ, ಆಯಿಲ್ ಈ ಮೂಲೆಯಿಂದ ಬರ್ತಿದೆ. ಕವರ್ ಬಿಚ್ಚೋಕೆ ಮುಂಚೆ ಬ್ರೀದರ್ ಒಂದ್ಸಲ ನೋಡಿ’ ಎನ್ನಿ. ಕೆಲಸ ಬಲ್ಲವರು ಇದಕ್ಕೆ ಬೇಸರಪಡುವುದಿಲ್ಲ, ಅವರ ಅರ್ಧ ಹುಡುಕಾಟ ತಪ್ಪುತ್ತದೆ. ಬಿಚ್ಚಿದ ಹಳೆ ಪ್ಯಾಕಿಂಗ್ ಕೇಳಿ ಪಡೆದು ಬಗ್ಗಿಸಿ ನೋಡಿ. ಕಡ್ಡಿಯಂತೆ ಲಟಕ್ಕನೆ ಮುರಿದರೆ ಬಿಸಿಗೆ ಸತ್ತಿದೆ. ಇನ್ನೂ ಮೆತ್ತಗೇ ಇದ್ದರೆ ಸೋರಿಕೆಯ ಕಾರಣ ಬೇರೆಲ್ಲೋ ಇದೆ, ಅದು ಸಿಗುವವರೆಗೆ ಕೆಲಸ ಮುಗಿದಂತಲ್ಲ. ರಿಪೇರಿಯಾದ ಮೇಲೆ ಅಂಚನ್ನು ಚೊಕ್ಕ ಒರೆಸಿಸಿಕೊಂಡು ಬನ್ನಿ, 500 ಕಿಲೋಮೀಟರ್ ಆದ ಮೇಲೆ ಅದೇ ಮೂಲೆಗೆ ಬಿಳಿ ಕಾಗದ ಒತ್ತಿ ನೋಡಿ.